ನೀಲಿ ಕಾಳು

ಹಿತ್ತಲನ್ನು ಸೌಭಾಗ್ಯಳ ಕೈಗೆ ಒಪ್ಪಿಸುವಾಗ ಮನೆಯೊಡತಿ ಫ್ರಾವ್ ಎಬರ್ಲೆ ಎರಡೇ ಷರತ್ತು ಹಾಕಿದ್ದರು. ಗಿಡಗಳಿಗೆ ನಲ್ಲಿಯ ನೀರು ಹಾಕಕೂಡದು. ಮಾಡಿನಿಂದ ಇಳಿದು ಪೀಪಾಯಿಯಲ್ಲಿ ತುಂಬುವ ಮಳೆನೀರನ್ನೇ ಹಾಕಬೇಕು. ಎರಡನೆಯದನ್ನು ಹೇಳುವಾಗ ಮುದುಕಿ ಬೆರಳೆತ್ತಿ, ಒಂದೊಂದೇ ಅಕ್ಷರ ಬಿಡಿಸಿ, "ಕೈನ್ ಗಿಫ್ಟ್" ಎಂದಿದ್ದರು. ಜರ್ಮನ್ ಇನ್ನೂ ಸರಿಯಾಗಿ ಬಾರದ ಸೌಭಾಗ್ಯ ಅದನ್ನು ಇಂಗ್ಲಿಷಿನ ಗಿಫ್ಟ್ ಎಂದೇ ತಿಳಿದು, ಉಡುಗೊರೆ ಏನೂ ಬೇಡ ಅನ್ನುತ್ತಿದ್ದಾರಲ್ಲ, ಎಂಥ ದೊಡ್ಡ ಮನಸ್ಸು ಎಂದುಕೊಂಡಳು. ಮೆಟ್ಟಿಲು ಹತ್ತುವಾಗ ಎಂಟು ವರ್ಷದ ಮಗಳು ಪವಿ ನಗುತ್ತ ತಿದ್ದಿದಳು. ಇವರ ಭಾಷೆಯಲ್ಲಿ ಗಿಫ್ಟ್ ಅಂದರೆ ವಿಷ. ಹಿತ್ತಲಲ್ಲಿ ವಿಷ ಹಾಕುವಂತಿಲ್ಲ, ಅಷ್ಟೇ ಅವರು ಹೇಳಿದ್ದು.

ಅದು ಎರಡು ಸಾವಿರದ ಒಂದನೇ ಇಸವಿಯ ಅಕ್ಟೋಬರ್. ಸೌಭಾಗ್ಯಳ ಗಂಡ ಸುನಿಲಕುಮಾರ, ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಕಾರ್ಲ್ಸ್‌ರುಹೆಗೆ ಬಂದು ವರ್ಷವಾಗಿತ್ತು. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ಹೆಂಡತಿ, ಮಗಳು ಬಂದ ಮೇಲೆ ಒಂಟಿ ಕೋಣೆಯ ಮನೆ ಸಾಲದೆ, ಟ್ರಾಮಿನ ಕೊನೆಯ ನಿಲ್ದಾಣದ ಹತ್ತಿರ ಈ ಮಹಡಿ ಮನೆ ಹಿಡಿದಿದ್ದ. ಕೆಳಗೆ ಫ್ರಾವ್ ಎಬರ್ಲೆ ಒಬ್ಬರೇ. ಹಿತ್ತಲು ಅವರ ಗಂಡ ವಾಲ್ಟರ್ ಮೂವತ್ತು ವರ್ಷ ದುಡಿದ ಜಾಗ. ಆತ ತೀರಿಹೋಗಿ ನಾಲ್ಕು ವರ್ಷವಾಗಿತ್ತು, ಈಕೆಗೆ ಮೊಣಕಾಲು ಬಗ್ಗುತ್ತಿರಲಿಲ್ಲ. ಮುಳ್ಳುಬಳ್ಳಿ, ತುರಿಕೆಸೊಪ್ಪು ಸೊಂಟದೆತ್ತರ ಬೆಳೆದಿದ್ದವು.

ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಸೌಭಾಗ್ಯಳಿಗೆ ಇಲ್ಲಿ ಕೆಲಸ ಮಾಡುವ ಅನುಮತಿ ಇನ್ನೂ ಸಿಕ್ಕಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಮನೆ ಖಾಲಿಯಾದರೆ ಮಧ್ಯಾಹ್ನದವರೆಗೆ ಅವಳಿಗೆ ಮಾತಾಡಲು ಒಂದು ಪ್ರಾಣಿ ಇರಲಿಲ್ಲ. ಎರಡು ವಾರ ಕಿಟಕಿಯಿಂದ ಆ ಮುಳ್ಳುಗಂಟಿಯನ್ನು ನೋಡಿ ನೋಡಿ, ಮೂರನೆಯ ವಾರ ಕೆಳಗಿಳಿದು ಕುಡುಗೋಲು ಕೇಳಿದಳು.

ಮುಳ್ಳು ಕಡಿದು, ಬೇರು ಕಿತ್ತು, ಉದುರಿದ ಎಲೆಗಳನ್ನೆಲ್ಲ ಗುಡ್ಡೆ ಹಾಕುವಷ್ಟರಲ್ಲಿ ನವೆಂಬರ್ ಬಂತು. ಹಿತ್ತಲ ಮೂಲೆಯಲ್ಲಿ ವಾಲ್ಟರ್ ಮಾಡಿಟ್ಟ ಮರದ ಗೊಬ್ಬರದ ಪೆಟ್ಟಿಗೆ ಇತ್ತು. ಅಡುಗೆಮನೆಯ ಸಿಂಕಿನ ಕೆಳಗೆ ಒಂದು ಬಕೆಟ್ ಬಂದು ಕೂತಿತು. ಚಹಾದ ಚರಟ, ಸಿಪ್ಪೆ, ಹಳಸಿದ್ದು ಎಲ್ಲ ಅದಕ್ಕೆ. ವಾಸನೆ ಬರುತ್ತದೆಂದು ಸುನಿಲ ಮೊದಲ ದಿನವೇ ಮುಖ ಸಿಂಡರಿಸಿದ. ಇಷ್ಟು ದೂರ ಬಂದದ್ದು ತಿಪ್ಪೆ ಮಾಡಲಿಕ್ಕಾ ಎಂದು ಕೇಳಿದ. ಒಂದು ದಿನ ಅವಳು ಊರಾಚೆಯ ಕುದುರೆ ಲಾಯದಿಂದ ಲದ್ದಿ ತುಂಬಿದ ಎರಡು ಚೀಲಗಳನ್ನು ಸೈಕಲ್ಲಿಗೆ ತೂಗಿ, ಶಾಲೆಯ ಮುಂದಿನ ರಸ್ತೆಯಲ್ಲೇ ತಳ್ಳಿಕೊಂಡು ಬಂದಳು. ಪವಿಯ ಗೆಳತಿಯರು ನೋಡಿದರು. ಪವಿ ಮನೆಗೆ ಬಂದು, "ಪೈನ್‌ಲಿಷ್, ಮಮ್ಮಿ, ಪೈನ್‌ಲಿಷ್" ಎಂದು ಶಾಲೆಯ ಚೀಲ ಬಿಸಾಡಿ ಕೋಣೆಯ ಬಾಗಿಲು ಹಾಕಿಕೊಂಡಳು. ನಾಚಿಕೆ ಎನ್ನುವುದಕ್ಕೆ ಜರ್ಮನ್ ಮಾತು ಏನೆಂದು ಸೌಭಾಗ್ಯ ಕಲಿತದ್ದು ಹಾಗೆ.

ಡಿಸೆಂಬರಿನಲ್ಲಿ ಪೀಪಾಯಿಯ ನೀರು ಕಲ್ಲಾಯಿತು. ಫೆಬ್ರವರಿಯಲ್ಲಿ ಅವಳು ಖಾಲಿಯಾದ ಮೊಸರಿನ ಕಪ್ಪುಗಳಲ್ಲಿ ಟೊಮೆಟೊ, ಮೆಣಸಿನ ಬೀಜ ಹಾಕಿ ಕಿಟಕಿಯ ಉದ್ದಕ್ಕೂ ಇಟ್ಟಳು. ಏಪ್ರಿಲ್ ಕೊನೆಗೆ ನಾಲ್ಕು ದಿನ ಒಳ್ಳೇ ಬಿಸಿಲು ಬಿತ್ತು. ಮೇ ನಡುವಿನವರೆಗೆ ಕಾಯಬೇಕು, ಅದಕ್ಕೂ ಮೊದಲು ಮಂಜು ಮತ್ತೆ ಬಂದೇ ಬರುತ್ತದೆ ಎಂದು ಫ್ರಾವ್ ಎಬರ್ಲೆ ಹೇಳಿದ್ದರು. ಸೌಭಾಗ್ಯ ಕಾಯಲಿಲ್ಲ. ಎಲ್ಲ ಸಸಿಗಳನ್ನೂ ಮಡಿಗೆ ಇಳಿಸಿದಳು. ಐದನೆಯ ಬೆಳಿಗ್ಗೆ ಎದ್ದು ನೋಡಿದರೆ ಅಷ್ಟೂ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಬಿದ್ದಿದ್ದವು. ಮುದುಕಿ ಹೇಳಿರಲಿಲ್ಲವೇ ಎಂದು ಚುಚ್ಚಲಿಲ್ಲ. ಹದಿನೈದು ದಿನ ಕಳೆದು ಮಹಡಿಯ ಬಾಗಿಲ ಮುಂದೆ ಎಂಟು ಟೊಮೆಟೊ ಸಸಿ, ನಾಲ್ಕು ಕುಂಬಳದ ಸಸಿ ಪೇಪರಿನಲ್ಲಿ ಸುತ್ತಿಟ್ಟಿದ್ದವು. ತಮ್ಮ ಕಿಟಕಿಯಲ್ಲಿ ಅವರೂ ಬೆಳೆಸಿದ್ದರು ಅನ್ನುವುದು ಆಗ ಗೊತ್ತಾಯಿತು.

ಜೂನಿನಲ್ಲಿ ಅಡುಗೆಮನೆಯ ಡಬ್ಬಿಯ ಮೆಂತೆ ಮಡಿಯಲ್ಲಿ ಗೇಣುದ್ದ ಸೊಪ್ಪಾಯಿತು. ಮೊದಲ ಕಟ್ಟಿನ ಪಲ್ಯ ಮಾಡಿ ಬಡಿಸಿದಾಗ ಸುನಿಲ ಇನ್ನಷ್ಟು ಬೇಕೆಂದು ತಟ್ಟೆಯನ್ನು ಮೂರು ಸಲ ಮುಂದೆ ತಳ್ಳಿದ. ಆ ವರ್ಷ ಅವನ ಆಫೀಸಿನಲ್ಲಿ ಒಬ್ಬೊಬ್ಬರನ್ನೇ ಮನೆಗೆ ಕಳಿಸುತ್ತಿದ್ದರು. ಅವನು ಊಟಕ್ಕೆ ಕೂತಾಗ ಮಾತಾಡುವುದೇ ಕಡಿಮೆಯಾಗಿತ್ತು. ಮೂರು ಸಲ ತಟ್ಟೆ ತಳ್ಳಿದ್ದೇ ಅವಳಿಗೆ ಸಾಕೆನಿಸಿತು.

ಜುಲೈಯಲ್ಲಿ ಜಮಖಂಡಿಯಿಂದ ಮಾವ ಬಾಳಪ್ಪನವರು ಬಂದರು, ಮೂರು ತಿಂಗಳ ವೀಸಾದ ಮೇಲೆ. ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ಹೆಂಡತಿ ಬಸಲಿಂಗವ್ವ ತೀರಿಕೊಂಡ ಮೇಲೆ ಹಿರಿಯ ಮಗನ ಮನೆಯಲ್ಲಿದ್ದರು. ಪೆಟ್ಟಿಗೆಯ ತುಂಬ ಜೋಳದ ಹಿಟ್ಟು, ಅದರೊಳಗೆ ಬಟ್ಟೆಯಲ್ಲಿ ಗಂಟು ಕಟ್ಟಿದ ರಾಜಗಿರಿ ಬೀಜ. ಬೀಜವನ್ನು ಅವರು ಸೊಸೆಗೆ ಕೊಡಲಿಲ್ಲ, ಮಗನಿಗೆ ಕೊಟ್ಟು ಕೊಡಿಸಿದರು. ಮಾವ ಸೊಸೆ ನೇರ ಮಾತಾಡುವ ರೂಢಿ ಆ ಮನೆಯಲ್ಲಿ ಮೊದಲಿನಿಂದಲೂ ಇರಲಿಲ್ಲ. ಅವಳು ಬಡಿಸುತ್ತಿದ್ದಳು, ಅವರು ಉಣ್ಣುತ್ತಿದ್ದರು. ಲದ್ದಿಯ ಬುಟ್ಟಿ ಹೊತ್ತ ಸೊಸೆಯನ್ನು ಕಂಡ ಮೊದಲ ದಿನ, ಬಿ.ಎಡ್. ಮಾಡಿದ ಹುಡುಗಿಯನ್ನು ತಂದದ್ದು ಇದಕ್ಕಾ ಎಂದು ಅವರು ಮಗನ ಹತ್ತಿರ ಅಂದದ್ದು ಗೋಡೆಯಾಚೆ ಇವಳಿಗೆ ಕೇಳಿಸಿತ್ತು.

ಆದರೆ ಮೊಮ್ಮಗಳನ್ನು ಒಲಿಸಿಕೊಂಡರು. ಟ್ರಾಮಿನಲ್ಲಿ ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲೇ ಕೂತು ಊರೆಲ್ಲ ಸುತ್ತಿ ಬಂದು ಅವಳಿಗೆ ನಿಲ್ದಾಣಗಳ ಹೆಸರು ಒಪ್ಪಿಸುತ್ತಿದ್ದರು. ಹಿತ್ತಲಿಗೆ ಸಂಜೆ ಹೊತ್ತು ಒಂದು ಪ್ರಾಣಿ ಬರುತ್ತಿತ್ತು. ಮೈತುಂಬ ಮುಳ್ಳು, ಚೂಪು ಮೂತಿ, ತೆಂಗಿನಕಾಯಿಯಷ್ಟು ಗಾತ್ರ. ಪವಿ ಅದನ್ನು ಇಗೆಲ್ ಎನ್ನುತ್ತಿದ್ದಳು. ಬಾಳಪ್ಪ ಅದಕ್ಕೆ ಮುಳ್ಳಪ್ಪ ಎಂದು ಹೆಸರಿಟ್ಟರು. ದಿನಾ ಸಂಜೆ ಇಬ್ಬರೂ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಮುಳ್ಳಪ್ಪನ ದಾರಿ ನೋಡುತ್ತಿದ್ದರು. ಜರ್ಮನ್ನಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ, ಅಜ್ಜನಿಗೆ ತಿಳಿಯುವುದಿಲ್ಲವೆಂದು ಮೆಲ್ಲಗೆ ಕನ್ನಡಕ್ಕೆ ತಿರುಗಿದಳು.

ಆಗಸ್ಟಿನಲ್ಲಿ ಮಳೆ ಹಿಡಿಯಿತು. ಮಳೆಯ ಹಿಂದೆಯೇ ಹುಳುಗಳು ಬಂದವು. ಬಸವನಹುಳುವಿನ ಜಾತಿಯೇ, ಆದರೆ ಬೆನ್ನ ಮೇಲೆ ಚಿಪ್ಪಿಲ್ಲ. ಬೆರಳುದ್ದ, ಇಟ್ಟಿಗೆ ಬಣ್ಣ, ಲೋಳೆ ಲೋಳೆ. ಒಂದು ಬೆಳಿಗ್ಗೆ ಸೌಭಾಗ್ಯ ಹೋಗಿ ನೋಡಿದರೆ ಎರಡನೆಯ ಬೆಳೆಯ ಮೆಂತೆಯಿಲ್ಲ, ಊರಿನ ರಾಜಗಿರಿಯಿಲ್ಲ, ಬೀನ್ಸಿನ ಬಳ್ಳಿಗಳಲ್ಲಿ ಕಡ್ಡಿ ಮಾತ್ರ ಉಳಿದಿತ್ತು. ಅವಳು ಒದ್ದೆ ಮಣ್ಣಿನಲ್ಲೇ ಕೂತಳು. ಸೊಪ್ಪಿಗಾಗಿ ಅಷ್ಟು ಅಳು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಒಂದು ವರ್ಷ ತಡೆದಿಟ್ಟದ್ದೆಲ್ಲ ಅಲ್ಲಿ ಹೊರಬಂದಿತು. ಅತ್ತು, ಮೂಗೊರೆಸಿಕೊಂಡು, ಪೀಪಾಯಿಯ ನೀರಿನಲ್ಲಿ ಮುಖ ತೊಳೆದು ರೊಟ್ಟಿ ಬಡಿಯಲು ಮೇಲೆ ಬಂದಳು. ಯಾರೂ ನೋಡಲಿಲ್ಲವೆಂದೇ ತಿಳಿದಿದ್ದಳು.

ಊಟದ ಹೊತ್ತಿಗೆ ವಿಷಯ ಬಂದಾಗ ಸುನಿಲ ಅಂದ, "ಅಂಗಡ್ಯಾಗ ಅದಕ್ಕ ಔಷಧ ಸಿಗ್ತೈತಿ. ಹಾಕಿ ಮುಗಸು. ನಂಗ ಆಫೀಸಿನ ತ್ರಾಸ ಸಾಕಾಗೈತಿ, ಮನ್ಯಾಗ ಹುಳದ ಕತಿ ಬ್ಯಾಡ."

"ಹಾಕಂಗಿಲ್ಲಂತ ಮಾತು ಕೊಟ್ಟೀನ್ರಿ."

"ಮಾತು ಕೊಟ್ಟು ಹುಳಕ್ಕ ಉಣಸು ಹಂಗಾದ್ರ."

ಬಾಳಪ್ಪ ತಲೆ ಎತ್ತದೆ ಊಟ ಮುಗಿಸಿದರು.

ನಾಲ್ಕು ದಿನದಲ್ಲಿ ಹುಳುಗಳು ಕಡಿಮೆಯಾದವು. ಮಳೆ ನಿಂತದ್ದರಿಂದ ಎಂದುಕೊಂಡಳು ಸೌಭಾಗ್ಯ. ಆರನೆಯ ದಿನ, ಶಾಲೆಗೆ ರಜೆ, ಹಿತ್ತಲಿಗೆ ಇಳಿದ ಪವಿ ಓಡಿ ಬಂದಳು. ಅಮ್ಮನ ಕೈ ಹಿಡಿದು ಎಳೆದುಕೊಂಡು ಹೋದಳು. ಪೊದೆಯ ಬುಡದಲ್ಲಿ ಮುಳ್ಳಪ್ಪ ಒಂದು ಮಗ್ಗುಲಾಗಿ ಸತ್ತು ಬಿದ್ದಿತ್ತು.

ಸಂಜೆ ಸುನಿಲ ಬಂದ ಮೇಲೆ ಫ್ರಾವ್ ಎಬರ್ಲೆ, ಎಂದೂ ಮಹಡಿ ಹತ್ತದವರು, ಕಂಬಿ ಹಿಡಿದು ಅರ್ಧ ಮೆಟ್ಟಿಲು ಹತ್ತಿ ನಿಂತು ಕರೆದರು. ಕೈಯಲ್ಲಿ ಒಂದು ಬಸಿ. ಬಸಿಯಲ್ಲಿ ಹೆಸರುಕಾಳಿನ ಗಾತ್ರದ ನೀಲಿ ಕಾಳುಗಳು, ಹುಳುಗಳಿಗೆ ಹಾಕುವ ವಿಷ, ಬೀನ್ಸಿನ ಬುಡದಿಂದ ಆರಿಸಿದವು. ಅವರು ಕೂಗಾಡಲಿಲ್ಲ. ಆ ಪ್ರಾಣಿ ಸತ್ತದ್ದು ಇದರಿಂದಲೇ, ವಾಲ್ಟರ್ ಮೂವತ್ತು ವರ್ಷ ಒಂದು ಕಾಳೂ ಹಾಕಲಿಲ್ಲ ಎಂದರು. ತಿಂಗಳ ಕೊನೆಗೆ ಮಡಿಗಳನ್ನೆಲ್ಲ ತೆರವು ಮಾಡಿ, ನಾನು ಹುಲ್ಲು ಬಿತ್ತಿಸುತ್ತೇನೆ ಎಂದು ಸುನಿಲನ ಮುಖ ನೋಡಿಯೇ ಹೇಳಿ ಇಳಿದು ಹೋದರು.

ಬಾಗಿಲು ಹಾಕಿದ ಮೇಲೆ ಗಂಡ ಹೆಂಡಿರ ನಡುವೆ ಹತ್ತಿಕೊಂಡಿತು. ನೀವಲ್ಲದೆ ಇನ್ಯಾರು ಹಾಕಬೇಕು ಎಂದಳು ಇವಳು. ನಾನು ಹಿತ್ತಲಿಗೆ ಕಾಲಿಟ್ಟಿದ್ದನ್ನು ಯಾವತ್ತು ನೋಡೀದಿ ಎಂದ ಅವನು. ಹೌದು, ಅದೂ ನಿಜವೇ ಆಗಿತ್ತು, ಆದರೆ ಸಿಟ್ಟಿನಲ್ಲಿ ಅವಳಿಗೆ ಹೊಳೆಯಲಿಲ್ಲ. ಪವಿ ಅಪ್ಪನ ಜೊತೆ ಮಾತು ಬಿಟ್ಟಳು. ಬಾಳಪ್ಪ ಒಂದು ರೊಟ್ಟಿಗೆ ಇಳಿದರು, ಮರುದಿನ ಅರ್ಧಕ್ಕೆ. ತನ್ನ ಹಿತ್ತಲಿನಿಂದಲೇ ಮನೆ ಕೆಟ್ಟಿತೆಂದು ಮಾವನಿಗೆ ಬೇಸರವಾಗಿದೆ ಎಂದು ಸೌಭಾಗ್ಯ ಲೆಕ್ಕ ಹಾಕಿದಳು. ಮೂರನೆಯ ಬೆಳಿಗ್ಗೆ, ಸುನಿಲ ಇನ್ನೂ ಬೂಟು ಹಾಕಿಕೊಳ್ಳುತ್ತಿದ್ದಾಗ, ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಸೌಭಾಗ್ಯಾ, ಆ ನೀಲಿ ಕಾಳು ತಂದಾಂವ ನಾನವಾ. ಸುನೀಲಂದೇನೂ ತಪ್ಪಿಲ್ಲ."

ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಅವರು ಹೇಳುತ್ತ ಹೋದರು. ಟ್ರಾಮಿನಲ್ಲಿ ಹೋಗಿ ದೊಡ್ಡ ಅಂಗಡಿಯಲ್ಲಿ ಹುಡುಕಿದ್ದು, ಡಬ್ಬಿಯ ಮೇಲೆ ಹುಳದ ಚಿತ್ರ ನೋಡಿದ್ದು, ಹುಳಕ್ಕಷ್ಟೇ ಎಂದು ತಿಳಿದದ್ದು, ಅವಳು ಎದ್ದೇಳುವ ಮೊದಲೇ ಕೆಳಗಿಳಿದು ಚೆಲ್ಲಿದ್ದು. ಓದಲು ಬಾರದ ಡಬ್ಬಿ ತಂದದ್ದೇ ತಪ್ಪಾಯಿತು ಎಂದರು. ಸೌಭಾಗ್ಯಳಿಗೆ ಸಿಟ್ಟು ಬಂತು, ಅಷ್ಟೇ ಬೇಗ ಎಲ್ಲೋ ಹೋಯಿತು. ಗಂಡನ ಕಡೆ ನೋಡಲು ಮುಖವಿರಲಿಲ್ಲ.

ಸುನಿಲನೇ ಮೊದಲು ಮಾತಾಡಿದ. "ಅಪ್ಪಾ, ಈಗ ಕೆಳಗ ಹೇಳಿ ಏನ್ ಮಾಡೂದೈತಿ. ಅಕಿ ನಾನ ಹಾಕೀನಂತ ತಿಳಕೊಂಡಾಳ. ಹಂಗ ಇರ್ಲಿ ಬಿಡು. ಈ ವಯಸ್ಸಿನ್ಯಾಗ ನೀ ಯಾಕ ಅನಿಸಿಕೊಳ್ತಿ."

"ಮೂವತ್ತೊಂದು ವರ್ಷ ಬಸ್ ಹೊಡದೀನಿ ತಮ್ಮಾ. ಒಮ್ಮೆ ಮುಧೋಳದ ದಾರ್ಯಾಗ ಒಂದು ಕರ ಗಾಲಿಗೆ ಸಿಕ್ತು. ಕಂಡಕ್ಟರ್ ನಡೀರಿ ಅಂದ. ನಾ ಬಸ್ ನಿಲ್ಲಿಸಿ, ಕರ ಯಾರದಂತ ಕೇಳಕೋತ ಹೋಗಿ ಅವರ ಬಾಗಲಾ ಬಡದೆ. ಈ ಬಾಗಲಾ ಹನ್ನೆರಡ ಮೆಟ್ಟಲಾ ಕೆಳಗ ಐತಿ."

ಪವಿಯನ್ನು ಕರೆದುಕೊಂಡು ಅವರು ಇಳಿದರು. ಸೌಭಾಗ್ಯ ಮೂರು ಮೆಟ್ಟಿಲು ಹಿಂದೆ ನಿಂತಳು. ಹೇಳಿದ್ದನ್ನು ಹೇಳಿದ ಹಾಗೆ ಹೇಳಬೇಕು, ಒಂದು ಅಕ್ಷರ ಬದಲು ಮಾಡಬಾರದು ಎಂದು ಮೊಮ್ಮಗಳಿಗೆ ತಾಕೀತು ಮಾಡಿ ಅವರು ಬಾಗಿಲು ತಟ್ಟಿದರು. ಫ್ರಾವ್ ಎಬರ್ಲೆ ಬಾಗಿಲು ತೆರೆದು ಮೂವರನ್ನೂ ನೋಡಿದರು.

"ನಿಮ್ಮ ಹಿತ್ತಲಕ್ಕ ವಿಷ ಹಾಕಿದಾಂವ ನಾನು. ಮುಳ್ಳಪ್ಪ ಸತ್ತದ್ದು ನನ್ನ ಕೈಲೆ. ಮಗಂದೂ ತಪ್ಪಿಲ್ಲ, ಸೊಸೀದೂ ತಪ್ಪಿಲ್ಲ."

ಪವಿಗೂ ಅದು ಗೊತ್ತಾದದ್ದು ಆಗಲೇ. ಅವಳು ತಿರುಗಿ ಅಜ್ಜನ ಮುಖವನ್ನೇ ನೋಡಿದಳು. ಗಲ್ಲದ ಮೇಲೆ ನೀರು ಇಳಿಯಿತು. ಬಾಳಪ್ಪ ಅವಳನ್ನು ಸಮಾಧಾನ ಮಾಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಕೊನೆಗೆ ಅವಳು ಸಣ್ಣ ದನಿಯಲ್ಲಿ ಅದನ್ನೆಲ್ಲ ಜರ್ಮನ್ನಿನಲ್ಲಿ ಹೇಳಿದಳು. ಮುದುಕಿ ಒಂದೇ ಪ್ರಶ್ನೆ ಕೇಳಿದರು.

"ಯಾಕ ಹಾಕಿದ್ರಂತ ಕೇಳಾಕತ್ತಾರ, ಮುತ್ಯಾ."

"ಸೊಸಿ ಮಣ್ಣಾಗ ಕುಂತು ಅಳಾಕತ್ತಿದ್ಲು. ಮ್ಯಾಲಿನ ಕಿಡಕ್ಯಾಗಿಂದ ನೋಡಿದೆ. ಹತ್ತು ವರ್ಷದಾಗ ಅಕಿ ಅತ್ತದ್ದು ನಾ ನೋಡಿರಲಿಲ್ಲ. ನಂಗ ಮತ್ತೇನ ಮಾಡಬೇಕು ತಿಳೀಲಿಲ್ಲ."

ಪವಿ ಅದನ್ನೂ ಅನುವಾದಿಸಿದಳು. ಸೌಭಾಗ್ಯಳಿಗೆ ಒಂದೇ ಮಾತು ಎರಡು ಭಾಷೆಯಲ್ಲಿ ಎರಡು ಸಲ ಕೇಳಿಸಿತು.

ಫ್ರಾವ್ ಎಬರ್ಲೆ ಇರಲಿ ಬಿಡಿ ಅನ್ನಲಿಲ್ಲ, ಕ್ಷಮಿಸಿದೆ ಅನ್ನಲಿಲ್ಲ. ಒಳಗೆ ಹೋಗಿ ಜಾಮಿನ ಖಾಲಿ ಶೀಶೆಯನ್ನೂ ಒಂದು ಜೊತೆ ರಬ್ಬರ್ ಕೈಗವಸನ್ನೂ ತಂದು ಬಾಳಪ್ಪನವರ ಕೈಗೆ ಕೊಟ್ಟರು. ಒಂದೊಂದು ಕಾಳನ್ನೂ ಆರಿಸಬೇಕು, ಇಗೆಲ್ ಮರಿಗಳು ಇನ್ನೂ ಎಲ್ಲಾದರೂ ಇರಬಹುದು ಎಂದರು.

ಎರಡು ದಿನ ಆ ಅರವತ್ತೆಂಟು ವರ್ಷದ ಮನುಷ್ಯ ಮಡಿಗಳ ನಡುವೆ ಮೊಣಕಾಲೂರಿ ಕಾಳು ಆರಿಸಿದರು. ಪವಿ ಪಕ್ಕದಲ್ಲೇ ನಿಂತು, ಕಂಡಲ್ಲಿ ಕಡ್ಡಿಯಿಂದ ತೋರಿಸಿದಳು, ಮಾತಾಡಲಿಲ್ಲ. ಎರಡನೆಯ ಸಂಜೆ ಸುನಿಲ ಆಫೀಸಿನಿಂದ ಬಂದು ಗೇಟಿನಿಂದ ಅಪ್ಪನನ್ನು ನೋಡಿದ. ಮೇಲೆ ಹೋಗಿ ಹಳೇ ಪ್ಯಾಂಟು ಹಾಕಿಕೊಂಡು ಬಂದು ಅಪ್ಪನ ಎದುರು ಸಾಲಿನಲ್ಲಿ ಕೂತ. ಅವನ ಹತ್ತಿರ ಸೌಭಾಗ್ಯ ಕೂತು, ತನ್ನ ತಪ್ಪಾಯಿತು ಎಂದಳು. ಅವನು ಒಂದು ಕಾಳು ಎತ್ತಿ ಶೀಶೆಗೆ ಹಾಕಿ, ಹುಳದ ಕತೆ ಬೇಡ ಅಂದವನೂ ತಾನೇ ಅಲ್ಲವೇ ಎಂದ. ಅಲ್ಲಿಗೆ ಆ ಜಗಳ ಮುಗಿಯಿತು. ಫ್ರಾವ್ ಎಬರ್ಲೆ ಕುರ್ಚಿ ತರಿಸಿಕೊಂಡು ಹಿಂಬಾಗಿಲಲ್ಲಿ ಕೂತಿದ್ದರು. ಪವಿ ಅಜ್ಜನಿಗೆ ಕುಡಿಯಲು ನೀರು ತಂದುಕೊಟ್ಟು, "ಮುತ್ಯಾ, ಅಲ್ಲಿ ಎಲಿ ಕೆಳಗ ಇನ್ನೊಂದೈತಿ" ಎಂದಳು.

ಹುಳುಗಳಿಗೆ ಏನು ಮಾಡುವುದೆಂದು ಮುದುಕಿಯೇ ಕಲಿಸಿದರು. ಸಂಜೆ ಸಾಲುಗಳ ನಡುವೆ ಹಳೇ ಹಲಗೆ ಹಾಸಿದರೆ ಬೆಳಗಾಗುವಷ್ಟರಲ್ಲಿ ಎಲ್ಲ ಅದರ ಕೆಳಗೆ ಸೇರುತ್ತವೆ. ಸೂರ್ಯ ಹುಟ್ಟುವ ಮೊದಲೇ ಬಾಳಪ್ಪ ಚಿಮಟಿಗೆ ಹಿಡಿದು ಇಳಿಯುತ್ತಿದ್ದರು. ಬಸವನ ಹೆಸರು ಹೊತ್ತ ಹುಳವನ್ನು ಮತ್ತೆ ಕೊಲ್ಲಲು ಅವರಿಗೆ ಮನಸ್ಸಿರಲಿಲ್ಲ. ಮುಚ್ಚಳದ ಬಕೆಟಿನಲ್ಲಿ ತುಂಬಿ, ಹೊಲಗಳಾಚೆಯ ಕಾಡಿನಂಚಿನವರೆಗೆ ನಡೆದು ಬಿಟ್ಟು ಬರುತ್ತಿದ್ದರು. ಇವೂ ನನ್ನ ಪ್ಯಾಸೆಂಜರುಗಳೇ, ಟಿಕೆಟಿಲ್ಲ ಅಷ್ಟೆ ಎಂದು ಸೊಸೆಗೆ ನೇರವಾಗಿಯೇ ಹೇಳಿದರು. ಅವಳು ನಕ್ಕಳು.

ತಿಂಗಳ ಕೊನೆಯ ದಿನ ಸೌಭಾಗ್ಯ ಸಲಿಕೆ ಹಿಡಿದು, ಮಡಿ ತೆರವು ಮಾಡುವುದೋ ಬೇಡವೋ ತಿಳಿಯದೆ ಹಿತ್ತಲಿನಲ್ಲಿ ನಿಂತಿದ್ದಳು. ಕೇಳಲು ಧೈರ್ಯವಿರಲಿಲ್ಲ. ಫ್ರಾವ್ ಎಬರ್ಲೆ ಕಿಟಕಿ ತೆರೆದು, ಕೈ ಚಾಚಿ, ಒಂದು ಬೀಜದ ಪೊಟ್ಟಣ ಕೊಟ್ಟರು. ಚಳಿಗಾಲದ ಪಾಲಕ್. ಈ ವಾರವೇ ಬಿತ್ತಬೇಕು, ತಡವಾದರೆ ಮೊಳೆಯುವುದಿಲ್ಲ ಎಂದಷ್ಟೇ ಹೇಳಿ ಕಿಟಕಿ ಹಾಕಿಕೊಂಡರು. ಸೌಭಾಗ್ಯ ಅದೇ ಸಲಿಕೆಯಿಂದ ಮಣ್ಣು ಸಡಿಲ ಮಾಡಿದಳು.

ಸೆಪ್ಟೆಂಬರ್ ಕೈತುಂಬ ಕೊಟ್ಟಿತು. ಕುಂಬಳಬಳ್ಳಿ ಗೊಬ್ಬರದ ಪೆಟ್ಟಿಗೆಯನ್ನೇ ಏರಿ ಹನ್ನೊಂದು ಕಾಯಿ ಬಿಟ್ಟಿತು. ಟೊಮೆಟೊ ತಿಂದು, ಹಂಚಿ, ಉಳಿದದ್ದನ್ನು ಕುದಿಸಿ ಶೀಶೆ ತುಂಬಿದ್ದಾಯಿತು. ರಾಜಗಿರಿಯಲ್ಲಿ ಹುಳು ತಿಂದುಳಿದ ಎರಡು ಬುಡ ಮತ್ತೆ ಚಿಗುರಿ ಆಳೆತ್ತರ ನಿಂತವು. ಅವನ್ನು ಬೀಜಕ್ಕೆಂದು ಬಿಟ್ಟಳು. ಪವಿ ಕ್ಲಾಸಿಗೆ ಒಂದು ಕುಂಬಳಕಾಯಿ ಹೊತ್ತುಕೊಂಡು ಹೋಗಿ, ಅದಕ್ಕೆ ಹಾಕಿದ್ದು ಕುದುರೆ ಲದ್ದಿ ಎಂದು ತಾನೇ ಎಲ್ಲರಿಗೂ ಹೇಳಿ ಬಂದಳು.

ಅಕ್ಟೋಬರಿನ ಮೊದಲ ಭಾನುವಾರ ಅಲ್ಲಿಯ ಚರ್ಚಿನಲ್ಲಿ ಸುಗ್ಗಿಯ ವಂದನೆಯ ಪೂಜೆ. ತಮ್ಮ ತಮ್ಮ ಹೊಲ ಹಿತ್ತಲಲ್ಲಿ ಬೆಳೆದದ್ದನ್ನು ಜನ ತಂದು ದೇವರ ಮುಂದೆ ಇಡುತ್ತಾರೆ. ಫ್ರಾವ್ ಎಬರ್ಲೆ ಎಲ್ಲರನ್ನೂ ಕರೆದರು. ಎರಡು ದಿನ ಕಳೆದರೆ ಬಾಳಪ್ಪನವರ ವಿಮಾನವಿತ್ತು. ವಿಭೂತಿ ಹಚ್ಚಿ, ಕೋಟು ಹಾಕಿ, ದೊಡ್ಡ ಕುಂಬಳಕಾಯಿಯನ್ನು ಎದೆಗವಚಿ ಅವರೇ ಹೊತ್ತರು. ಎಲೆಕೋಸು, ಸೇಬು, ದ್ರಾಕ್ಷಿ, ಗೋಧಿಯ ಕಂತೆ, ಹೊಸ ರೊಟ್ಟಿಗಳ ನಡುವೆ ಅದನ್ನಿಟ್ಟು ಕೈಮುಗಿದರು. ಹಾಡು ಮುಗಿಯುವವರೆಗೂ ಮುಗಿದ ಕೈ ಬಿಡಲಿಲ್ಲ.

ಮಧ್ಯಾಹ್ನದ ಊಟ ಮಹಡಿಯ ಮೇಲೆ. ಸುನಿಲನ ತೋಳು ಹಿಡಿದು ಫ್ರಾವ್ ಎಬರ್ಲೆ ಹನ್ನೆರಡು ಮೆಟ್ಟಿಲನ್ನೂ ಹತ್ತಿದರು. ಕೊನೆಯ ಹಿಟ್ಟಿನ ಜೋಳದ ರೊಟ್ಟಿ, ಕುಂಬಳದ ಪಲ್ಯ, ಮತ್ತೆ ಬಿತ್ತಿ ಬೆಳೆದ ಹಸಿ ಮೆಂತೆ, ಶೇಂಗಾ ಚಟ್ನಿ, ಮೊಸರು. ಮುದುಕಿ ಕಣ್ಣು ಮುಚ್ಚಿ ತಮ್ಮ ಊಟದ ಪ್ರಾರ್ಥನೆ ಹೇಳಿದರು. ಮುತ್ಯಾನೂ ಏನಾದರೂ ಹೇಳಬೇಕೆಂದು ಪವಿ ಹಟ ಹಿಡಿದಳು. ತನಗೇನೂ ಬರುವುದಿಲ್ಲ ಎಂದರು ಬಾಳಪ್ಪ. ಆದರೆ ಕುರ್ಚಿ ಬಿಟ್ಟು ಎದ್ದರು. ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದ ಸೊಸೆಯ ಕೈಯಿಂದ ಬುಟ್ಟಿ ತೆಗೆದುಕೊಂಡರು.

"ನೀ ಕೂಡವಾ ಸೌಭಾಗ್ಯಾ. ಇದೆಲ್ಲಾ ನೀ ಬೆಳದದ್ದು ಐತಿ. ಇವತ್ತ ನಾ ಬಡಸ್ತೀನಿ."

ಅವಳು ಅವರ ಕುರ್ಚಿಯಲ್ಲೇ ಕೂತಳು. ಬಡಿಸಿ ಗೊತ್ತಿಲ್ಲದ ಕೈ. ಎರಡು ರೊಟ್ಟಿ ಒಟ್ಟಿಗೇ ಬಿದ್ದವು, ಅದರ ಮೇಲೆ ಪಲ್ಯ ಸೌಟಿನ ಮೇಲೆ ಸೌಟು ಬಂತು, ಅಂಚಿನಾಚೆ ಚಟ್ನಿ ಹೋಯಿತು. ಸಾಕ್ರಿ ಮಾವಾರ ಎನ್ನಲು ಸೌಭಾಗ್ಯ ಬಾಯಿ ತೆರೆದಳು. ಅನ್ನಲಿಲ್ಲ. ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಇನ್ನಷ್ಟು ಹತ್ತಿರ ಚಾಚಿದಳು.